ಪಂಪ್ ಡ್ರೈವರ್ ಚೆನ್ನರಾಯಪ್ಪನ ಛತ್ರಿಗಳು

ಗೌರಿಬಿದನೂರು ದಾಟಿ ಹಿಂದೂಪುರದ ಕಡೆಗೆ ಹೋಗುವ ಪ್ಯಾಸೆಂಜರ್ ರೈಲು ಆಗಿನ ಕಾಲದಲ್ಲಿ ಹೊನ್ನಗಟ್ಟ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಹನ್ನೆರಡು ನಿಮಿಷ ನಿಲ್ಲುತ್ತಿತ್ತು. ಅಲ್ಲಿ ಹತ್ತುವವರು ಇಳಿಯುವವರು ಸೇರಿದರೆ ಹತ್ತು ಜನ ಆದರೆ ಹೆಚ್ಚು. ರೈಲು ನಿಲ್ಲುತ್ತಿದ್ದುದು ಜನರಿಗಾಗಿ ಅಲ್ಲ, ಇಂಜಿನ್ನಿಗೆ ನೀರು ತುಂಬಿಸಲು. ಹೊಳೆಯ ದಂಡೆಯ ದೊಡ್ಡ ಬಾವಿಯಿಂದ ನೀರನ್ನು ಎತ್ತರದ ಕಬ್ಬಿಣದ ತೊಟ್ಟಿಗೆ ಏರಿಸುವ ಕೆಲಸ ಪಂಪ್ ಡ್ರೈವರ್ ಚೆನ್ನರಾಯಪ್ಪನದು. ಇಂಜಿನ್ನು ಕುಡಿಯುವುದೂ ಆ ನೀರೇ, ಪ್ರಯಾಣಿಕರ ಕೂಜಕ್ಕೆ ಬೀಳುವುದೂ ಆ ನೀರೇ, ಸ್ಟೇಷನ್ ಕಾಲೊನಿಯ ಏಳು ಮನೆಗಳಲ್ಲಿ ಅಕ್ಕಿ ಬೇಯುವುದೂ ಆ ನೀರಿನಲ್ಲೇ.

ಚೆನ್ನರಾಯಪ್ಪನ ಹುಟ್ಟೂರು ಚಿಂತಾಮಣಿಯ ಹತ್ತಿರ, ಅಂಬಾಜಿದುರ್ಗದ ಕೆಳಗಿನ ಒಂದು ಹಳ್ಳಿ. ಊರಾಚೆಯ ಕೇರಿಯಲ್ಲಿ ಹುಟ್ಟಿದವನು. ಅವನ ತಾಯಿ ಊರ ಬಾವಿಯ ಕಟ್ಟೆಯಿಂದ ಹತ್ತು ಮಾರು ದೂರ ಕೊಡ ಇಟ್ಟುಕೊಂಡು, ಯಾರಾದರೂ ಪುಣ್ಯಾತ್ಮರು ಸೇದಿ ಹೊಯ್ಯುವವರೆಗೆ ಕೂತಿರುತ್ತಿದ್ದಳು. ಕೆಲವು ದಿನ ಮಧ್ಯಾಹ್ನ ತಿರುಗಿದರೂ ಯಾರಿಗೂ ಪುಣ್ಯ ಬೇಕಾಗುತ್ತಿರಲಿಲ್ಲ. ಆ ಹುಡುಗ ನಾಲ್ಕನೆಯ ತರಗತಿ ಮುಗಿಸಿ, ರೈಲ್ವೆಯಲ್ಲಿ ಕಲಾಸಿಯಾಗಿ ಸೇರಿ, ಇಂಜಿನ್ ಒರೆಸುತ್ತ ಒರೆಸುತ್ತ ಆಯಿಲ್ ಇಂಜಿನ್ನಿನ ಕೆಲಸ ಕಲಿತು, ನಲವತ್ತಾರನೆಯ ಇಸವಿಯಲ್ಲಿ ಹೊನ್ನಗಟ್ಟಕ್ಕೆ ಪಂಪ್ ಡ್ರೈವರಾಗಿ ಬಂದ. ಒಂದು ಇಡೀ ಬಾವಿ ಅವನ ಸುಪರ್ದಿಗೆ ಬಂತು. ಮೊದಲ ದಿನ ಅವನು ಅದರ ಮೆಟ್ಟಿಲಿಳಿದು ಬೊಗಸೆಯಲ್ಲಿ ನೀರು ಕುಡಿದು, ಸುತ್ತ ಯಾರಾದರೂ ನೋಡಿದರೇ ಎಂದು ತಿರುಗಿ ನೋಡಿದ್ದ. ಯಾರೂ ಇರಲಿಲ್ಲ.

ಕಾಲೊನಿಯವರು ಅವನ ಇಂಜಿನ್ನು ಎತ್ತಿದ ನೀರನ್ನು ಕುಡಿಯುತ್ತಿದ್ದರು. ಅವನ ಮನೆಯ ಹೊಸಿಲಿಗೆ ಮಾತ್ರ ಬರುತ್ತಿರಲಿಲ್ಲ. ಅವನ ಕ್ವಾರ್ಟರ್ಸ್ ಕೂಡ ಉಳಿದವರ ಸಾಲಿನಲ್ಲಿರಲಿಲ್ಲ, ಪಂಪ್ ಮನೆಯ ಹಿಂದೆ ಒಂಟಿಯಾಗಿತ್ತು. ಮಗಳು ಗಂಗುಲಮ್ಮನನ್ನು ಶಿಡ್ಲಘಟ್ಟದ ಕಡೆಗೆ ಕೊಟ್ಟ ಮೇಲೆ ಅಲ್ಲಿ ಉಳಿದವರು ಅವನೂ ಹೆಂಡತಿ ಮುನಿಶಾಮಮ್ಮನೂ ಇಬ್ಬರೇ. ಅವನಿಗೆ ಮಾತಾಡಲು ಇಂಜಿನ್ನಾದರೂ ಇತ್ತು. ಅವಳಿಗೆ ಏನೂ ಇರಲಿಲ್ಲ. ಕಾಲೊನಿಯ ಹೆಂಗಸರು ನಲ್ಲಿಯ ಹತ್ತಿರ ಸೇರಿದಾಗ ಅವಳು ದೂರದಿಂದಲೇ ಅವರ ಮಾತು ಕೇಳಿಸಿಕೊಂಡು, ಅವರು ಹೋದ ಮೇಲೆ ತನ್ನ ಬಿಂದಿಗೆ ಹಿಡಿಯುತ್ತಿದ್ದಳು.

ಐವತ್ತೇಳನೆಯ ಇಸವಿ, ಯುಗಾದಿ ಕಳೆದು ಹದಿನೈದು ದಿನವಾಗಿತ್ತು. ಪಂಪು ನೀರೆಳೆಯಲು ಏದುಸಿರು ಬಿಡುತ್ತಿದ್ದುದರಿಂದ ಚೆನ್ನರಾಯಪ್ಪ ಜಾಲರಿ ಶುದ್ಧ ಮಾಡಲು ಬಾವಿಗಿಳಿದ. ಬೇಸಿಗೆಗೆ ನೀರು ತಗ್ಗಿ, ತಳದ ಕಲ್ಲು ಕಾಣುವಷ್ಟು ತಿಳಿಯಾಗಿತ್ತು. ಬಿಸಿಲಿನ ಒಂದು ಪಟ್ಟಿ ನೀರಿನೊಳಕ್ಕೆ ಇಳಿದಿತ್ತು. ಆ ಪಟ್ಟಿಯಲ್ಲಿ ಏನೋ ಮಿಸುಕಿತು. ನೀರೇ ಒಂದು ಕಡೆ ಗಟ್ಟಿಯಾದ ಹಾಗೆ, ಕಾಲಾಣೆಯಷ್ಟಗಲದ ಒಂದು ಗಾಜಿನ ಛತ್ರಿ. ಅದು ಮುದುರಿಕೊಂಡು, ಅರಳಿ, ಮತ್ತೆ ಮುದುರಿ, ಒಂದೊಂದೇ ತಳ್ಳು ತಳ್ಳುತ್ತ ಮೇಲಕ್ಕೆ ಬಂತು. ಮೇಲೆ ಬಂದ ಮೇಲೆ ಸುಮ್ಮನೆ ಕೈಬಿಟ್ಟವರಂತೆ ಅಂಚಿನ ಎಳೆಗಳನ್ನೆಲ್ಲ ಚಾಚಿಕೊಂಡು ಕೆಳಗಿಳಿಯಿತು. ಅದರ ಹಿಂದೆ ಇನ್ನೊಂದು. ಆಮೇಲೆ ನೋಡಿದರೆ ಬಾವಿಯ ತುಂಬ.

ಹನ್ನೊಂದು ವರ್ಷ ಆ ನೀರನ್ನು ಎತ್ತಿದ್ದವನು ಇಂಥದ್ದನ್ನು ಕಂಡಿರಲಿಲ್ಲ. ಅವನು ಜಾಲರಿಯ ಕೆಲಸ ಮರೆತು ಮೊಣಕಾಲು ನೀರಿನಲ್ಲಿ ನಿಂತುಬಿಟ್ಟ. ಕೊನೆಗೆ ಚೊಂಬಿನಲ್ಲಿ ನಾಲ್ಕನ್ನು ಮೊಗೆದುಕೊಂಡು ಮನೆಗೆ ಬಂದ.

"ಇಕಾ ನೋಡಿಲ್ಲಿ," ಅಂದ.

ಮುನಿಶಾಮಮ್ಮ ಚೊಂಬಿನೊಳಗೆ ಇಣುಕಿ ಮೂಗು ಮುರಿದಳು. "ಏನಿದು, ಪುರುಗು? ಕುಡಿಯೋ ಚೊಂಬಲ್ಲಿ ಹುಳ ತಂದವ್ನೆ. ಆಚೆ ಚೆಲ್ಲು."

ಅವನು ಚೆಲ್ಲಲಿಲ್ಲ. ಸ್ಟೇಷನ್ನಿನ ತಂತಿ ಯಂತ್ರದ ಹಳೆಯ ಬ್ಯಾಟರಿಗಳ ಗಾಜಿನ ಪಾತ್ರೆಗಳು ಪಂಪ್ ಮನೆಯ ಮೂಲೆಯಲ್ಲಿ ಬಿದ್ದಿದ್ದವು. ಒಂದೂವರೆ ಅಡಿ ಎತ್ತರದ ಒಂದನ್ನು ಆರಿಸಿ, ಆಸಿಡ್ಡಿನ ವಾಸನೆ ಹೋಗುವವರೆಗೆ ಮೂರು ದಿನ ಬೂದಿ ಹಾಕಿ ತೊಳೆದು, ಬಾವಿಯ ನೀರನ್ನೇ ತುಂಬಿ, ಬಾವಿಯ ಗೋಡೆಯ ನಾಲ್ಕು ಕಲ್ಲು ತಳದಲ್ಲಿಟ್ಟು, ಮನೆಯ ಉತ್ತರದ ಕಿಟಕಿಯಲ್ಲಿ ಕೂರಿಸಿದ.

ಮೊದಲ ನಾಲ್ಕೂ ಸತ್ತವು. ತಿನ್ನಲಿ ಎಂದು ಪುರಿ ಪುಡಿ ಹಾಕಿದ್ದ, ನೀರು ಹಳಸಿತು. ಎರಡನೆಯ ಸಲ ಹೊಸ ನೀರನ್ನು ಮೇಲಿನಿಂದ ಧಾರೆಯಾಗಿ ಹೊಯ್ದ, ಗಾಳಿಗುಳ್ಳೆ ಛತ್ರಿಯೊಳಗೆ ಸಿಕ್ಕಿಕೊಂಡು ಅವು ಮೇಲೆ ತೇಲಿ ಇಳಿಯಲಾರದೆ ಸತ್ತವು. ಸತ್ತರೆ ಹೆಣವೂ ಇರುತ್ತಿರಲಿಲ್ಲ. ಬೆಳಿಗ್ಗೆ ನೋಡಿದರೆ ಕರಗಿ ನೀರಾಗಿರುತ್ತಿದ್ದವು. ಆಮೇಲೆ ಅವನು ನಿಧಾನವಾಗಿ ಕಲಿತ. ನೀರನ್ನು ಬಾಳೆಲೆಯ ಮೇಲೆ ಜಾರಿಸಿ ಬಿಡಬೇಕು. ಬಿಸಿಲು ಬೀಳಬಾರದು. ಪಾತ್ರೆಯನ್ನು ಅಲುಗಿಸಬಾರದು. ಅವು ಕಾಳು ಕಡ್ಡಿ ತಿನ್ನುವುದಿಲ್ಲ. ಬಾವಿಯ ಅಂಚಿನಲ್ಲಿ ಪುಟಪುಟನೆ ನೆಗೆಯುವ, ಸಾಸಿವೆಗಿಂತ ಸಣ್ಣ ನೀರುಚಿಗಟ ಅವುಗಳ ಊಟ. ಹಳೆಯ ಪಂಚೆಯ ತುಂಡಿನಲ್ಲಿ ಸೋಸಿ ಅದನ್ನು ದಿನವೂ ಎರಡು ಸಲ ತಂದು ಬಿಡಬೇಕು. ಛತ್ರಿಯ ಎಳೆಗೆ ಚಿಗಟ ತಗುಲಿದರೆ ಸಾಕು, ಅಲ್ಲೇ ಸೆಟೆದುಕೊಳ್ಳುತ್ತಿತ್ತು. ಛತ್ರಿ ಅದನ್ನು ಬಗ್ಗಿ ಒಳಕ್ಕೆ ತೆಗೆದುಕೊಳ್ಳುತ್ತಿತ್ತು.

ಚೆನ್ನರಾಯಪ್ಪ ಪಂಪಿನ ಮುಂದಿರುವ ಹೊತ್ತಿನಲ್ಲಿ ಅವುಗಳ ಜೊತೆ ಮನೆಯಲ್ಲಿದ್ದವಳು ಮುನಿಶಾಮಮ್ಮ. ಮೊದಮೊದಲು ಬೆನ್ನು ಹಾಕಿ ರಾಗಿ ಬೀಸಿದಳು. ಆಮೇಲೆ ಬೀಸುವ ಕಲ್ಲನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡಳು. ಒಂದು ದಿನ ಅವನು ಊಟಕ್ಕೆ ಬಂದಾಗ, "ಆ ಸಣ್ಣದೈತಲ್ಲ, ಬೆಳಿಗ್ಗೆಯಿಂದ ಒಂದೇ ಮೂಲೇಲಿ ಬಿದ್ದೈತೆ ಕಣಯ್ಯ. ಸ್ವಲ್ಪ ನೀರು ತಿರುವಿದೆ, ಎದ್ದು ಬಂತು," ಅಂದಳು. ಅವಳೇ ಅವಕ್ಕೆ ಛತ್ರಿಗಳು ಎಂದು ಹೆಸರಿಟ್ಟದ್ದು. ವೈಶಾಖ ಬರುವಷ್ಟರಲ್ಲಿ ಪಾತ್ರೆಯಲ್ಲಿ ಹತ್ತೊಂಬತ್ತು ಇದ್ದವು. ಸಂಜೆ ಐದರ ಗಾಡಿ ಹೋದ ಮೇಲೆ ಗಂಡಹೆಂಡಿರು ಕಿಟಕಿಯ ಮುಂದೆ ಕೂತರೆ ದೀಪ ಹಚ್ಚುವ ಹೊತ್ತಿನವರೆಗೂ ಏಳುತ್ತಿರಲಿಲ್ಲ. ಮಗಳ ಮದುವೆಯಾದ ಮೇಲೆ ಆ ಮನೆಯಲ್ಲಿ ಅಷ್ಟು ಮಾತು ನಡೆದದ್ದು ಅದೇ ಮೊದಲು.

ಗೌರಿಬಿದನೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಗಂಗುಲಪ್ಪ ಮೇಷ್ಟ್ರು ಶನಿವಾರದ ಗಾಡಿಯಲ್ಲಿ ಹಿಂದೂಪುರಕ್ಕೆ ಹೋಗುವಾಗ ಕೂಜಕ್ಕೆ ನೀರು ಹಿಡಿಯಲು ಇಳಿಯುತ್ತಿದ್ದರು. ಚೆನ್ನರಾಯಪ್ಪ ಒಂದು ಶನಿವಾರ ಧೈರ್ಯ ಮಾಡಿ, ಎರಡು ಛತ್ರಿಗಳನ್ನು ಸೀಸೆಯಲ್ಲಿ ಹಾಕಿಕೊಂಡು ಅವರ ಮುಂದೆ ನಿಂತ.

"ಸ್ವಾಮಿ, ಇದೇನು ಅಂತ ಗೊತ್ತಾ ತಮಗೆ?"

ಮೇಷ್ಟ್ರು ಸೀಸೆಯನ್ನು ಬೆಳಕಿಗೆ ಹಿಡಿದವರು ಗಾಡಿ ಸೀಟಿ ಹೊಡೆದರೂ ಹತ್ತಲಿಲ್ಲ. ಅವನ ಹಿಂದೆಯೇ ಮನೆಗೆ ಬಂದು, ಹೊಸಿಲು ದಾಟಿ, ಕಿಟಕಿಯ ಮುಂದೆ ಮಂಡಿಯೂರಿ ಕೂತರು. "ಇದು ಸಮುದ್ರದ ಪ್ರಾಣಿಯ ಜಾತಿ ಕಣಪ್ಪ. ಜೆಲ್ಲಿ ಮೀನು ಅಂತಾರೆ, ಮೀನಲ್ಲ. ಸಿಹಿನೀರಲ್ಲೂ ಒಂದು ಬಗೆ ಉಂಟು ಅಂತ ಓದಿದ್ದೆ. ಇಲ್ಲಿ, ಈ ಬಾವೀಲಿ ಇರತ್ತೆ ಅಂದ್ರೆ ಯಾರು ನಂಬ್ತಾರೆ? ನೀನು ಇವನ್ನ ಸಾಕಿದ್ದೀಯಲ್ಲ, ಅದು ಇನ್ನೂ ದೊಡ್ಡದು."

ಬೆಂಗಳೂರಿನ ಕಾಲೇಜಿನ ಒಬ್ಬ ಪ್ರೊಫೆಸರರಿಗೆ ಬರೆಯುತ್ತೇನೆ, ಜೂನಿನಲ್ಲಿ ಕರೆತರುತ್ತೇನೆ ಎಂದರು. ಮುಂದಿನ ಶನಿವಾರ ಒಂದು ಸಣ್ಣ ಸೀಸೆ ತಂದುಕೊಟ್ಟರು. ಅದರಲ್ಲಿ ಘಾಟು ವಾಸನೆಯ ಔಷಧವಿತ್ತು. "ಎರಡನ್ನ ಇದರೊಳಗೆ ಹಾಕಿಡು. ಕೆಡೋದಿಲ್ಲ. ಅವರು ಬರೋ ಹೊತ್ತಿಗೆ ಏನಾದ್ರೂ ಆದ್ರೂ ನಮ್ಮ ಕೈಲಿ ಸಾಕ್ಷಿ ಇರತ್ತೆ."

ಚೆನ್ನರಾಯಪ್ಪ ತಲೆಯಾಡಿಸಿದ. ಆ ಸಂಜೆ ಚಮಚದಲ್ಲಿ ಒಂದನ್ನು ಮೊಗೆದು ಸೀಸೆಯ ಬಾಯಿಗೆ ತಂದ. ಅದು ಚಮಚದಲ್ಲಿ ಮುದುರಿ ಅರಳಿತು. ಮುನಿಶಾಮಮ್ಮ ಅತ್ತ ತಿರುಗಿದಳು. ಅವನು ಅದನ್ನು ಮತ್ತೆ ನೀರಿಗೇ ಬಿಟ್ಟ. ನಾಳೆ ನೋಡೋಣ ಎಂದುಕೊಂಡ. ಬಾವಿಯ ತುಂಬ ಇರುವಾಗ ಎಲ್ಲಿಗೆ ಹೋದಾವು ಎಂದುಕೊಂಡ.

ಮೇ ತಿಂಗಳ ಮೊದಲ ವಾರ ಸ್ಟೇಷನ್ ಮಾಸ್ಟರ್ ರಾಮಾಂಜಿನಪ್ಪನವರ ಹೆಂಡತಿ ಶ್ಯಾಮಲಮ್ಮ ತಪ್ಪಿಸಿಕೊಂಡ ಕರುವನ್ನು ಹುಡುಕುತ್ತ ಪಂಪ್ ಮನೆಯ ಹಿಂದಕ್ಕೆ ಬಂದರು. ಕಿಟಕಿಯಲ್ಲಿ ಏನೋ ಮಿಂಚಿದ್ದನ್ನು ಕಂಡು ನಿಂತರು. ಮುನಿಶಾಮಮ್ಮ ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು. ಪಾತ್ರೆಯನ್ನು ಅಲುಗಿಸಬಾರದೆಂದು ಗಂಡ ಹೇಳಿದ್ದರೂ, ಅವರು ಒಳಗೆ ಬರುವುದಿಲ್ಲವೆಂದು ತಿಳಿದು, ತಾನೇ ಮೆಲ್ಲಗೆ ಎತ್ತಿಕೊಂಡು ಬಂದು ಜಗಲಿಯ ಮೇಲಿಟ್ಟಳು.

ಶ್ಯಾಮಲಮ್ಮ ನೋಡುತ್ತ ನೋಡುತ್ತ ಜಗಲಿಯ ಕಲ್ಲಿನ ಮೇಲೇ ಕೂತುಬಿಟ್ಟರು. "ಎಷ್ಟು ಚೆನ್ನಾಗಿದಾವೆ ಕಣೇ. ಉಸಿರಾಡಿದ ಹಾಗೆ ಮಾಡ್ತಾವೆ," ಅಂದರು. ಮುನಿಶಾಮಮ್ಮ ಪಾತ್ರೆಯ ಪಕ್ಕದಲ್ಲೇ ಕುಕ್ಕರಿಸಿದಳು. ಯಾವುದು ದೊಡ್ಡದು, ಯಾವುದು ಸೋಮಾರಿ, ಏನು ತಿನ್ನುತ್ತವೆ ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಕಾಲೊನಿಯ ಹೆಂಗಸೊಬ್ಬರು ತನ್ನ ಜಗಲಿಯ ಮೇಲೆ ಕೂತಿದ್ದರು.

"ಎಲ್ಲಿಂದ ತಂದ್ರಿ ಇವನ್ನ?"

"ಎಲ್ಲಿಂದ ತರೋದಮ್ಮ, ನಮ್ಮ ಬಾವೀಲೇ ಅವೆ. ರಾಶಿ ರಾಶಿ."

ಶ್ಯಾಮಲಮ್ಮ ಎದ್ದು ನಿಂತರು. ಸೀರೆಯ ಹಿಂಭಾಗವನ್ನು ಎರಡು ಸಲ ಕೊಡವಿಕೊಂಡು ಹೊರಟುಹೋದರು. ಕರುವನ್ನು ಹುಡುಕಲೂ ಇಲ್ಲ.

ಸಂಜೆ ಗಾಡಿ ಹೋದ ಮೇಲೆ ಮಾಸ್ಟರಿಂದ ಕರೆ ಬಂತು.

"ಏನಯ್ಯ, ಬಾವಿಗೆ ಪುರುಗು ಬಿಟ್ಟಿದ್ದೀಯಂತೆ?"

"ಬಿಟ್ಟಿಲ್ಲ ಸ್ವಾಮಿ. ಅವು ಅಲ್ಲೇ ಇದ್ವು. ಅದು ಪುರುಗಲ್ಲ, ಗಂಗುಲಪ್ಪ ಮೇಷ್ಟ್ರು..."

"ಮನೇಲಿ ಸಾಕ್ತಾ ಇದ್ದೀಯೋ ಇಲ್ವೋ?"

"ಸಾಕ್ತಿದ್ದೀನಿ ಸ್ವಾಮಿ."

"ಮನೇಲಿ ಸಾಕಿದ್ದನ್ನ ಬಾವಿಗೆ ಬಿಟ್ಟಿಲ್ಲ ಅಂತ ನಾನು ಹೆಂಗೆ ನಂಬಲಿ? ನಮ್ಮ ಮನೇಲಿ ಒಂದೊತ್ತಿಂದ ಯಾರೂ ನೀರು ಮುಟ್ಟಿಲ್ಲ. ನನ್ನ ಹೆಂಡ್ತಿ ಎರಡು ಸಲ ವಾಂತಿ ಮಾಡಿಕೊಂಡ್ಲು."

ರಾಮಾಂಜಿನಪ್ಪನವರು ಕೆಟ್ಟವರಲ್ಲ. ಚೆನ್ನರಾಯಪ್ಪನಿಗೆ ಎರಡು ಸಲ ರಜೆ ಕೊಡಿಸಿದ್ದರು. ಆದರೆ ಆಗಲೇ ಕಾಲೊನಿಯ ಏಳು ಮನೆಯವರೂ ಪ್ಲಾಟ್‌ಫಾರಂ ಮೇಲೆ ಸೇರಿದ್ದರು. ಯಾರೋ ಒಬ್ಬರು, "ಇಂಥೋರ ಕೈಗೆ ಬಾವಿ ಕೊಟ್ರೆ ಇನ್ನೇನಾಗತ್ತೆ," ಅಂದದ್ದು ಎಲ್ಲರಿಗೂ ಕೇಳಿಸಿತು. ಮಾಸ್ಟರು ಕೇಳದವರಂತೆ ತಂತಿ ಕಳಿಸಲು ಒಳಗೆ ಹೋದರು.

ಮೂರನೆಯ ದಿನ ಹೆಲ್ತ್ ಇನ್ಸ್‌ಪೆಕ್ಟರರು ಎರಡು ಪೀಪಾಯಿ ಬ್ಲೀಚಿಂಗ್ ಪೌಡರಿನೊಂದಿಗೆ ಬಂದಿಳಿದರು. ಅವರು ಬಾವಿಗೆ ಇಣುಕಿ ನೋಡಿ, ಇದು ಏನೆಂದು ತಮಗೂ ತಿಳಿಯದು, ಆದರೆ ಕುಡಿಯುವ ನೀರಿನಲ್ಲಿ ಇರಬಾರದು ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಚೆನ್ನರಾಯಪ್ಪ ಕೈಮುಗಿದ. "ಸ್ವಾಮಿ, ಜೂನಿಗೆ ಬೆಂಗಳೂರಿಂದ ದೊಡ್ಡೋರು ಬರ್ತಾರೆ ನೋಡೋಕೆ. ಅಲ್ಲೀತನಕ ಕಾಲೊನಿಗೆ ನಾನು ಹೊಳೆ ಚಿಲುಮೆಯಿಂದ ನೀರು ಹೊತ್ತು ತರ್ತೀನಿ."

ಹಿಂದಿನಿಂದ ಯಾರೋ ನಕ್ಕರು. ಅವನು ಹೊತ್ತು ತಂದ ನೀರನ್ನು ಯಾರು ಕುಡಿಯುತ್ತಾರೆ. ಹೇಳಿದ ಮೇಲೆ ಅವನಿಗೂ ಅದು ಹೊಳೆಯಿತು.

ಅಷ್ಟರಲ್ಲಿ ಮನೆಯಲ್ಲಿ ಮುನಿಶಾಮಮ್ಮ ಗಡಿಗೆ, ಬಿಂದಿಗೆ, ಬಾನಿ, ರಾಗಿ ತುಂಬುವ ಮಡಕೆ, ಕೊನೆಗೆ ಒನಕೆಯ ಒರಳಿಗೂ ಪಾತ್ರೆಯ ಛತ್ರಿಗಳಿಗೆಂದು ಬಾವಿಯ ನೀರು ತುಂಬಿಸಿಟ್ಟಿದ್ದಳು. ಬೆಳಗಿನಿಂದ ಎಷ್ಟು ಸಲ ಮೆಟ್ಟಿಲು ಹತ್ತಿ ಇಳಿದಿದ್ದಳೋ, ನಿಲ್ಲಲಾರದೆ ಗೋಡೆ ಹಿಡಿದುಕೊಂಡಿದ್ದಳು.

ಪುಡಿ ಕಲಸಿ ಹೊಯ್ಯುವ ಕೆಲಸ ಪಂಪ್ ಡ್ರೈವರನದೇ. ಬಾಯಿಗೆ ಬಟ್ಟೆ ಕಟ್ಟಿಕೊಂಡು ಅವನು ಮೆಟ್ಟಿಲಿಳಿದ. ಬಕೆಟ್ಟಿನಿಂದ ಬಿಳಿಯ ನೀರು ಹೊಗೆಯ ಹಾಗೆ ಇಳಿಯಿತು. ಅದು ತಾಗಿದ ಛತ್ರಿಗಳು ಒಂದು ಸಲ ಗಟ್ಟಿಯಾಗಿ ಮುದುರಿ, ಮೊಸರಿನ ತುಣುಕಿನಂತೆ ಬೆಳ್ಳಗಾಗಿ, ಸುತ್ತುತ್ತ ತಳಕ್ಕೆ ಹೋದವು. ಅಲ್ಲಿಯವರೆಗೆ ಕಣ್ಣಿಟ್ಟು ಹುಡುಕಬೇಕಾಗಿದ್ದವು ಈಗ ಸಾಯುವಾಗ ಎಲ್ಲರಿಗೂ ಕಾಣಿಸಿದವು. ಮೇಲೆ ಬಗ್ಗಿ ನೋಡುತ್ತಿದ್ದವರು, "ಅಬ್ಬ, ಎಷ್ಟಿದ್ವು ನೋಡ್ರಿ," ಎಂದು ಒಬ್ಬರಿಗೊಬ್ಬರು ತೋರಿಸಿದರು. ಹನ್ನೆರಡು ಬಕೆಟ್ ಹೊಯ್ದ. ಎರಡು ದಿನ ಇಂಜಿನ್ ಓಡಿಸಿ ಆ ನೀರನ್ನು ಹೊಳೆಗೆ ಹರಿಸಿದ. ಜಾಲರಿಗೆ ಮೆತ್ತಿಕೊಂಡಿದ್ದ ಲೋಳೆಯನ್ನು ಉಗುರಿನಲ್ಲಿ ಕೆರೆದು ತೆಗೆದ.

ಇನ್ನು ಉಳಿದದ್ದು ಕಿಟಕಿಯ ಹತ್ತೊಂಬತ್ತು. ಹದಿನೆಂಟು ಅಂದರೂ ಆದೀತು, ಜಗಲಿಗೆ ಹೊತ್ತ ದಿನ ಒಂದು ಪೆಟ್ಟು ತಿಂದಿತ್ತು.

ಮನೆಯಲ್ಲಿಟ್ಟ ನೀರು ಮೂರು ವಾರ ಬಂತು. ನೀರುಚಿಗಟ ಮೂರು ವಾರ ಬರಲಿಲ್ಲ. ಬಾವಿಯಲ್ಲಿ ಈಗ ಏನೂ ನೆಗೆಯುತ್ತಿರಲಿಲ್ಲ. ಚೆನ್ನರಾಯಪ್ಪ ಕೆಲಸ ಮುಗಿಸಿ, ಬಿಸಿಲಿನಲ್ಲಿ ಎರಡು ಮೈಲಿ ನಡೆದು, ಬತ್ತುತ್ತಿದ್ದ ಕೆರೆಯಲ್ಲಿ ಪಂಚೆ ಹಿಡಿದು ಸೋಸಿದ. ಸಿಕ್ಕಿದ್ದು ಕೆಸರು ಮತ್ತು ಸೊಳ್ಳೆಯ ಮರಿ. ಛತ್ರಿಗಳು ಮರಿಯನ್ನು ಹಿಡಿದವು, ನುಂಗಲಾರದೆ ಬಿಟ್ಟವು. ಹಸಿದ ಹಾಗೆಲ್ಲ ಅವು ಸೊರಗಲಿಲ್ಲ, ಸಣ್ಣದಾದವು. ಕಾಲಾಣೆಯಷ್ಟಿದ್ದದ್ದು ಗುಂಡಿಯಷ್ಟಾಯಿತು, ಗುಂಡಿಯಷ್ಟಿದ್ದದ್ದು ಕಡಲೆಯಷ್ಟಾಯಿತು. ಹಾಗೆ ಸಣ್ಣದಾಗುತ್ತಲೇ ಮುದುರುವುದು ಅರಳುವುದು ಬಿಡಲಿಲ್ಲ. ಬೆಳಿಗ್ಗೆ ಎದ್ದು ಇಬ್ಬರೂ ಬೇರೆ ಬೇರೆಯಾಗಿ ಎಣಿಸುತ್ತಿದ್ದರು. ಎಷ್ಟೆಂದು ಒಬ್ಬರನ್ನೊಬ್ಬರು ಕೇಳುತ್ತಿರಲಿಲ್ಲ. ಜೂನ್ ಮೂರನೆಯ ತಾರೀಖು ಮಧ್ಯಾಹ್ನ, ಪಾತ್ರೆಯಲ್ಲಿ ನೀರು ಮಾತ್ರ ಇತ್ತು.

ಅಂದು ಮುನಿಶಾಮಮ್ಮ, "ನಾನು ಬಾಯಿ ಬಿಡಬಾರದಾಗಿತ್ತು," ಅಂದಳು.

ಚೆನ್ನರಾಯಪ್ಪ ಕೇಳಿಸಿಕೊಂಡ. ನಿನ್ನ ತಪ್ಪೇನೈತೆ ಎನ್ನಬೇಕು ಎಂದು ಮನಸ್ಸಿಗೆ ಬಂತು. ಆದರೆ ಮನಸ್ಸಿನ ಒಂದು ಮೂಲೆಯಲ್ಲಿ ಅವಳದೇ ತಪ್ಪು ಎಂಬುದೂ ಇತ್ತು. ಅವನು ಟವೆಲ್ ಹೆಗಲಿಗೆ ಹಾಕಿಕೊಂಡು ಪಂಪ್ ಮನೆಗೆ ಹೋದ.

ಗಂಗುಲಪ್ಪ ಮೇಷ್ಟ್ರು ಪ್ರೊಫೆಸರರನ್ನು ಕರೆದುಕೊಂಡು ಬಂದದ್ದು ಅದಾದ ಒಂಬತ್ತು ದಿನಕ್ಕೆ. ಪ್ರೊಫೆಸರು ವಯಸ್ಸಾದವರು, ಸೌಮ್ಯ ಸ್ವಭಾವದವರು. ಬಾವಿಗಿಳಿದು ವಾಸನೆ ನೋಡಿ ಹತ್ತಿ ಬಂದರು. ಮನೆಯ ಪಾತ್ರೆಯ ಕಲ್ಲುಗಳನ್ನು ಒಂದೊಂದಾಗಿ ತೆಗೆದು, ಭೂತಗನ್ನಡಿ ಹಿಡಿದು ಒಂದು ಗಂಟೆ ಹುಡುಕಿದರು. ಈ ಪ್ರಾಣಿ ಗುಂಡುಸೂಜಿಯ ತಲೆಗಿಂತ ಚಿಕ್ಕ ಮೊಟುಕಾಗಿ ಕಲ್ಲಿಗೆ ಅಂಟಿಕೊಂಡಿರುತ್ತದೆ, ಕಾಲ ಕೂಡಿದಾಗ ಅದರಿಂದ ಛತ್ರಿ ಬಿಡುತ್ತದೆ ಎಂದು ವಿವರಿಸಿದರು. ಏನೂ ಸಿಕ್ಕಲಿಲ್ಲ.

"ಔಷಧದ ಸೀಸೇಲಿ ಹಾಕಿಟ್ಟಿದ್ದೀಯಲ್ಲ, ಅದನ್ನ ಕೊಡಪ್ಪ," ಅಂದರು ಮೇಷ್ಟ್ರು.

ಚೆನ್ನರಾಯಪ್ಪ ಗೂಡಿನಿಂದ ಸೀಸೆ ತೆಗೆದುಕೊಟ್ಟ. ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ಹಿಡಿದರು.

"ಇದರಲ್ಲೇನೂ ಇಲ್ವಲ್ಲ."

"ಕೈ ಬರಲಿಲ್ಲ ಸ್ವಾಮಿ."

ಮೇಷ್ಟ್ರಿಗೆ ಸಿಟ್ಟು ಬಂದಿತ್ತು, ನಾಚಿಕೆಯೂ ಆಗಿತ್ತು. ಅಷ್ಟು ದೂರದಿಂದ ಕರೆಸಿದ್ದರು. ಪ್ರೊಫೆಸರು ಅವನ ಭುಜ ಮುಟ್ಟಿದರು. "ನೀನು ಸುಳ್ಳು ಹೇಳ್ತಿಲ್ಲ ಅಂತ ನನಗೆ ಗೊತ್ತು. ಅದು ತಿನ್ನೋ ರೀತಿ ಹೇಳಿದೆಯಲ್ಲ, ನೋಡದೆ ಇರೋರು ಹಾಗೆ ಹೇಳೋಕಾಗಲ್ಲ. ಆದರೆ ಕೈಯಲ್ಲಿ ಒಂದಾದರೂ ಇಲ್ಲದೆ ನಾನು ಬರೆಯೋಕಾಗಲ್ಲಪ್ಪ." ಒಂದೂವರೆಯ ಗಾಡಿಗೆ ಅವರು ಹೊರಟರು. ಗಂಗುಲಪ್ಪ ಮೇಷ್ಟ್ರು ಆಮೇಲೆ ಶನಿವಾರದ ಗಾಡಿಯಲ್ಲಿ ಕಂಡರೂ ನೀರಿಗೆ ಇಳಿಯುತ್ತಿರಲಿಲ್ಲ.

ಪ್ರೊಫೆಸರು ಹೇಳಿದ ಮೊಟುಕಿನ ಮಾತನ್ನು ಹಿಡಿದುಕೊಂಡು ಗಂಡಹೆಂಡಿರು ಐದು ಬೇಸಿಗೆ ಕಾದರು. ಪಾತ್ರೆಯ ನೀರು ಆರಲು ಬಿಡಲಿಲ್ಲ. ಪಾಚಿ ಕಟ್ಟಿತು, ಬಸವನಹುಳು ಆಯಿತು. ಛತ್ರಿ ಆಗಲಿಲ್ಲ. ಬಾವಿಗೆ ತಿಂಗಳಿಗೊಮ್ಮೆ ಬ್ಲೀಚಿಂಗ್ ಪೌಡರು ಬೀಳುವುದು ಕಟ್ಟಳೆಯಾಯಿತು, ಅದನ್ನು ಹೊಯ್ಯುವವನು ಚೆನ್ನರಾಯಪ್ಪನೇ ಆದ. ಹೊಯ್ದ ದಿನ ಮುನಿಶಾಮಮ್ಮ ಅವನಿಗೆ ಊಟಕ್ಕಿಕ್ಕಿ ತಾನು ಹೊರಗೆ ಕೂರುತ್ತಿದ್ದಳು. ಅವರ ನಡುವೆ ಜಗಳವೇನೂ ಆಗಲಿಲ್ಲ. ಅಗತ್ಯದಷ್ಟೇ ಮಾತು ಇತ್ತು, ಉಪ್ಪು, ಸೌದೆ, ಮಗಳ ಕಾಗದ.

ಅರವತ್ತೆರಡರಲ್ಲಿ ಅವಳಿಗೆ ಜ್ವರ ಬಂದು ಇಳಿಯಲಿಲ್ಲ. ಗೌರಿಬಿದನೂರಿನ ಡಾಕ್ಟರು ಟೈಫಾಯಿಡ್ ಎಂದರು. ಹನ್ನೆರಡನೆಯ ದಿನ ಬೆಳಿಗ್ಗೆ ಮೈ ತಣ್ಣಗಾದಂತಿತ್ತು, ಗಂಜಿ ಕುಡಿದಳು. ಅವನು ಅವಳ ಕಾಲು ಒತ್ತುತ್ತ ಕೂತಿದ್ದ. ನಿನ್ನ ತಪ್ಪೇನೈತೆ ಎಂದು ಐದು ವರ್ಷದಿಂದ ಒಳಗಿದ್ದ ಮಾತು ನಾಲಗೆಯ ತುದಿಗೆ ಬಂತು. ಅಷ್ಟರಲ್ಲಿ ಒಂಬತ್ತರ ಗಾಡಿಗೆ ತೊಟ್ಟಿ ತುಂಬಿಲ್ಲವೆಂದು ಕರೆದರು. ಬಂದು ಹೇಳಿದರಾಯಿತು ಎಂದು ಎದ್ದ. ಇಂಜಿನ್ ನಿಲ್ಲಿಸಿ ಬರುವಷ್ಟರಲ್ಲಿ ಅವಳು ಹೋಗಿದ್ದಳು.

ಮರು ವರ್ಷ ಹೊನ್ನಗಟ್ಟಕ್ಕೆ ಕರೆಂಟು ಬಂತು. ಬಾವಿಗೆ ಸಿಮೆಂಟಿನ ಮುಚ್ಚಳ ಹಾಕಿ ಮೋಟರು ಕೂರಿಸಿದರು. ಚೆನ್ನರಾಯಪ್ಪನನ್ನು ಗೌರಿಬಿದನೂರಿನ ಹತ್ತಿರದ ಒಂದು ರೈಲ್ವೆ ಗೇಟಿಗೆ ಹಾಕಿದರು. ಸಾಮಾನು ಸಾಗಿಸಲು ಬಂದ ಮಗಳು ಪಾಚಿಗಟ್ಟಿದ ಗಾಜಿನ ಪಾತ್ರೆಯನ್ನು ಕಂಡು, ಇದು ಯಾಕಪ್ಪ ಎಂದಳು. ಅವನು ಹೇಳಿದ. ಅವಳು ಕೇಳಿಕೊಂಡಳು, ನಂಬಿದಂತೆ ಕಾಣಲಿಲ್ಲ. ಅಮ್ಮ ಹೋದ ಮೇಲೆ ಅಪ್ಪನಿಗೆ ಹೀಗಾಗಿದೆ ಎಂದು ಅವಳು ಗಂಡನಿಗೆ ಮೆಲ್ಲಗೆ ಹೇಳುತ್ತಿದ್ದುದು ಅವನಿಗೆ ಕೇಳಿಸಿತು. ಪಾತ್ರೆಯನ್ನು ಅಲ್ಲೇ ಬಿಟ್ಟು ಬಂದರು.

ಆ ಮೇಲೆ ಅವನಿಗೇ ಅನುಮಾನ ಹತ್ತಿತು. ಗೇಟಿನ ಗುಡಿಸಲಿನಲ್ಲಿ ಕೂತು ನೆನೆಸಿಕೊಂಡರೆ ಮುದುರುವುದು ಕಣ್ಣಿಗೆ ಕಟ್ಟುತ್ತಿತ್ತು, ಅರಳುವುದು ಕಟ್ಟುತ್ತಿರಲಿಲ್ಲ. ಅಂಚಿನಲ್ಲಿ ಎಳೆ ಎಷ್ಟಿದ್ದವು? ಕೇಳೋಣವೆಂದರೆ ಜೊತೆಗೆ ಕೂತು ನೋಡಿದವಳು ಇರಲಿಲ್ಲ.

ಅರವತ್ತಾರರಲ್ಲಿ ಒಂದು ದಿನ ಸಂಬಳದ ಕೆಲಸಕ್ಕೆಂದು ಗೌರಿಬಿದನೂರು ಸ್ಟೇಷನ್ನಿಗೆ ಹೋದವನು ಅಲ್ಲಿನ ಬೆಂಚಿನ ಮೇಲೆ ಶ್ಯಾಮಲಮ್ಮನವರನ್ನು ಕಂಡ. ತಲೆ ನರೆತಿತ್ತು. ರಾಮಾಂಜಿನಪ್ಪನವರು ರಿಟೈರಾಗಿ ಚಿಕ್ಕಬಳ್ಳಾಪುರದಲ್ಲಿ ಮನೆ ಮಾಡಿದ್ದರಂತೆ. ಅವರೇ ಗುರುತು ಹಿಡಿದು, "ಚೆನ್ನರಾಯಪ್ಪ ಅಲ್ವೇನಪ್ಪ? ಮುನಿಶಾಮಮ್ಮ ಹೋದ್ಲು ಅಂತ ಕೇಳಿದೆ. ಪಾಪ," ಅಂದರು.

ಅವನು ಕೇಳಿದ. "ಅಮ್ಮ, ನೀವು ನೋಡಿದ್ರಲ್ಲ, ನಮ್ಮ ಜಗಲೀಲಿ. ಗಾಜಿನ ಪಾತ್ರೇಲಿ. ಹೆಂಗಿದ್ವು ಅವು?"

ಶ್ಯಾಮಲಮ್ಮ ನೆನಪು ಮಾಡಿಕೊಳ್ಳಲು ನಿಜವಾಗಿ ಪ್ರಯತ್ನಪಟ್ಟರು. ಅದು ಅವರ ಮುಖದಲ್ಲೇ ಕಾಣುತ್ತಿತ್ತು. "ಬಾವೀಲಿ ಹುಳ ಬಿದ್ದಿತ್ತಲ್ಲ, ಆ ವರ್ಷವಾ? ಪುಡಿ ಹಾಕಿಸಿದ್ದು ನೆನಪಿದೆ. ಮನೇಲೇನೂ ನಾನು ನೋಡಿದ ಹಾಗಿಲ್ಲಪ್ಪ. ನಿಮ್ಮ ಮನೆ ಕಡೆ ನಾನು ಯಾವತ್ತೂ ಬಂದೋಳೇ ಅಲ್ವಲ್ಲ."

"ಹೌದಮ್ಮ," ಅಂದ ಚೆನ್ನರಾಯಪ್ಪ.

ಅವರ ಗಾಡಿ ಬಂತು. ಅವರ ಟ್ರಂಕನ್ನು ಅವನೇ ಎತ್ತಿ ಒಳಗಿಟ್ಟ. ಆರು ಗಂಟೆಗೆ ಗೇಟಿನ ಪಾಳಿಯಿತ್ತು. ಹಳಿಯ ಪಕ್ಕದ ಜಲ್ಲಿಯ ಮೇಲೆ ನಡೆದುಕೊಂಡೇ ಹೋದ.